ಪಂಕ್ತಿಯಲ್ಲಿ ಕೂತ ಫೋನ್ ಕರೆಗಳು

ಒಂದಾನೊಂದು ಊರಿನಲ್ಲಿ ಅಂತ ಶುರು ಮಾಡೋಣವೆಂದರೆ ಅದು ಊರಲ್ಲ, ಗುಂಡಿ. ಗುಂಡಿಯೊಳಗೆ ಊರು, ಊರೊಳಗೆ ಅರಮನೆ, ಅರಮನೆಯ ಗೋಡೆಗೆ ಒರಗಿಕೊಂಡು ಬೇಯಿಸಿದ ಕಡಲೆಕಾಯಿ ಮಾರುವ ಚಿಕ್ಕತಾಯಿ. ಊರಿನ ಹೆಸರು ತಗ್ಗಿನಪುರ. ಹತ್ತಿರ ಸರಿದು ಕೂರಿ, ಹೇಳುತ್ತೇನೆ.

ಊರು ಅಷ್ಟು ತಗ್ಗಿನಲ್ಲಿದ್ದುದರಿಂದ ಟವರಿನ ಸಿಗ್ನಲ್ಲು ಅಲ್ಲಿಗೆ ಇಳಿಯುತ್ತಿರಲಿಲ್ಲ. ಕೊಕ್ಕರೆ ಸಾಲಿನ ಹಾಗೆ ನೆತ್ತಿಯ ಮೇಲೆ ಹಾದು ಮೇಲಿನ ಊರುಗಳಿಗೆ ಹೋಗಿಬಿಡುತ್ತಿತ್ತು. ಜನ ಕತ್ತೆತ್ತಿ ನೋಡಿದರು. ಕೈ ಬೀಸಿ ಕರೆದರು. ಅದು ತಿರುಗಿಯೂ ನೋಡಲಿಲ್ಲ. ಕೊನೆಗೆ ಮನೆಮನೆಯವರೂ ಕೂಡಿಟ್ಟ ಕಾಸಲ್ಲಿ ವೈಫೈ ಪೆಟ್ಟಿಗೆ ತಂದು ಗೋಡೆಗೆ ಹಾಕಿಸಿಕೊಂಡರು. ಫೋನ್ ಕರೆ ತಂತಿ ಹಿಡಿದು ಪೆಟ್ಟಿಗೆಗೆ ಬರುವುದು, ಪೆಟ್ಟಿಗೆಯಿಂದ ಹಾರಿ ಫೋನಿಗೆ ಇಳಿಯುವುದು. ಟವರೂ ಬೇಡ, ಗಿವರೂ ಬೇಡ.

ಆದರೆ ತಗ್ಗಿನಪುರದವರದು ಒಂದು ರೂಢಿ. ಹೊಸ್ತಿಲು ದಾಟಿ ಬಂದವರು ಯಾರೇ ಆಗಲಿ, ನೆಂಟರು. ನೆಂಟರಿಗೆ ಮೊದಲು ಬೆಲ್ಲ, ನೀರು. ತಿಂದು ಮುಗಿಸುವ ತನಕ ‘ಯಾಕೆ ಬಂದಿರಿ’ ಅಂತ ಕೇಳುವ ಹಾಗಿಲ್ಲ. ಕೇಳಿದರೆ ಎದ್ದು ಹೋಗು ಅಂದ ಹಾಗೆ. ಫೋನ್ ಕರೆಯೂ ಹೊಸ್ತಿಲು ದಾಟಿ ತಾನೆ ಬರುವುದು? ಹಾಗಾಗಿ ಅದೂ ನೆಂಟನೇ. ಪೆಟ್ಟಿಗೆಯ ಮುಂದೆ ಬೆಲ್ಲದ ಚೂರು ಇಡುವರು. ಕರೆ ಬೆಲ್ಲ ಚಪ್ಪರಿಸಿ, ಗುಟುಕು ನೀರು ಕುಡಿದು, ಬಾಯಿ ಒರೆಸಿಕೊಂಡು ಫೋನಿಗೆ ಹೋಗುವುದು. ತಗ್ಗಿನಪುರದಲ್ಲಿ ಫೋನೆತ್ತಿದರೆ ಮೊದಲು ಕೇಳುತ್ತಿದ್ದುದು ಹಲೋ ಅಲ್ಲ, ತೇಗು.

ಇಷ್ಟೇ ಆಗಿದ್ದರೆ ಕತೆ ಇರುತ್ತಿರಲಿಲ್ಲ. ಆ ಊರಿಗೊಬ್ಬ ರಾಜನಿದ್ದ. ಹೆಸರು ಉಪಚಾರಪ್ಪ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜನ ಎಂದೋ ಓಡಿಸುತ್ತಿದ್ದರು. ಒಳ್ಳೆಯವನಾಗಿದ್ದುಕೊಂಡೇ ಪ್ರಾಣ ಹಿಂಡುವವನು. ಮಗಳನ್ನು ದೂರದ ರಾಜ್ಯಕ್ಕೆ ಮದುವೆ ಮಾಡಿ ಕಳಿಸಿದ ಮೇಲೆ ಅರಮನೆಯಲ್ಲಿ ಅವನೊಬ್ಬನೇ. ಅವನ ಫೋನು ಬಾಯಿ ಬಿಡುತ್ತಿರಲಿಲ್ಲ.

“ಮಂತ್ರಿ, ಅವರಿವರ ಮನೆಗೆಲ್ಲ ದಿನಾ ನೆಂಟರು. ನನ್ನ ಮನೆಗೆ ಯಾಕೆ ಬರಲ್ಲ?”

“ಪ್ರಭೂ, ತಂತಿ ಅವರ ಮನೆಗೆ ಹೋಗಿದೆ. ಕರೆ ತಂತಿ ಹಿಡಿದು ಹೋಗುತ್ತೆ.”

“ಹಾಗಾದರೆ ತಂತಿ ಎಲ್ಲಾ ನಮ್ಮ ಮನೆಗೆ ಬರಲಿ.”

ಬಂತು. ಮನೆಮನೆಯ ಪೆಟ್ಟಿಗೆಗಳನ್ನೆಲ್ಲ ಕಿತ್ತು ತಂದು ಒಂದಕ್ಕೊಂದು ಅಂಟಿಸಿ ಎಮ್ಮೆ ಗಾತ್ರದ ಒಂದೇ ಪೆಟ್ಟಿಗೆ ಮಾಡಿದರು. ಅರಮನೆಯ ಗೋಡೆಗೆ ಬೋರ್ಡು ಬಿತ್ತು: ‘ಸಾರ್ವಜನಿಕರಿಗೆ ಉಚಿತ ವೈಫೈ. ದೊರೆಗಳ ಕೊಡುಗೆ.’ ಜನರದನ್ನು ಕಿತ್ತುಕೊಂಡು ಜನರಿಗೇ ಪುಕ್ಕಟೆ ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ಚಿಕ್ಕತಾಯಿ ತಟ್ಟಲಿಲ್ಲ. ಅವಳ ಎರಡು ಕೈಯಲ್ಲೂ ಕಡಲೆಕಾಯಿ ಇತ್ತು.

ಅರಮನೆಗೆ ಕರೆಗಳು ಬರತೊಡಗಿದವು. ರಾಜ ಬಾಗಿಲಲ್ಲೇ ನಿಂತ. ಕಾಲು ತೊಳೆಯಬೇಕು, ಕರೆಗೆ ಕಾಲಿಲ್ಲ. ಬಡಗಿಯನ್ನು ಕರೆಸಿ ಮರದ ಕಾಲು ಮಾಡಿಸಿದ. ಕಾಲು ಬಂದ ಮೇಲೆ ಮೇಲೊಂದು ಮೈ ಬೇಕಲ್ಲ, ದರ್ಜಿಯಿಂದ ಜುಬ್ಬ ಹೊಲಿಸಿದ. ಜುಬ್ಬದ ಮೇಲೆ ಮುಖ ಬೇಕಲ್ಲ, ಚಿತ್ರ ಬರೆಯುವವನು ಬಂದು ಬಾಯಿ ಬರೆದ. ಬಾಯಿ ಬಂದ ಮೇಲೆ ಹಸಿವಾಯಿತು. ಹಸಿವಾದ ಮೇಲೆ ಬರಿ ಬೆಲ್ಲ ಸಾಕೆ? ಎಲೆ ಹಾಕಿಸಿದ. ಪಂಕ್ತಿ ಕೂರಿಸಿದ.

ಪಂಕ್ತಿಯ ನಿಯಮ ನಿಮಗೆ ಗೊತ್ತು. ಕೊನೆಯವನ ಊಟ ಮುಗಿಯುವ ತನಕ ಮೊದಲನೆಯವನು ಏಳುವ ಹಾಗಿಲ್ಲ. ಆದರೆ ಪಂಕ್ತಿಯ ಕೊನೆಗೆ ಹೊಸ ಹೊಸ ಕರೆಗಳು ಬಂದು ಕೂರುತ್ತಲೇ ಇದ್ದವು. ಹಾಗಾಗಿ ಯಾರ ಊಟವೂ ಮುಗಿಯಲಿಲ್ಲ. ಯಾರೂ ಏಳಲಿಲ್ಲ. ಊಟ ಮುಗಿಯದ್ದರಿಂದ ಯಾಕೆ ಬಂದಿರಿ ಅಂತ ಯಾರೂ ಕೇಳಲಿಲ್ಲ. ಅನ್ನ ಬಂತು, ಹುಳಿ ಬಂತು, ಹೋಳಿಗೆ ಬಂತು, ಮತ್ತೆ ಅನ್ನ ಬಂತು. ಕರೆಗಳು ಕೂತಲ್ಲೇ ಊದಿಕೊಂಡವು. ಊರಲ್ಲಿ ಒಂದು ಫೋನಿಗೂ ದನಿ ಇಲ್ಲ. ಅಡುಗೆಮನೆಗೆ ಕುಂಬಳಕಾಯಿ ಹೊರುವುದಕ್ಕೆ ಊರಿನ ಬಸ್ಸುಗಳೂ ಹೋದವು.

ಹೀಗಿರುವಾಗ ಚಿಕ್ಕತಾಯಿಯ ಫೋನು ಸೆರಗಿನ ಗಂಟಿನೊಳಗೆ ನಡುಗಿತು. “ಅಮ್ಮಾ, ನಿಮಗೆ ಕರೆ ಬಂದಿದೆ” ಅಂತು ಫೋನು. “ದಿಬ್ಬದೂರಿಂದ. ನಿಂಗಾಜಮ್ಮನವರು.”

“ಕೊಡು!”

“ಎಲ್ಲಿಂದ ಕೊಡಲಿ? ಒಳಗೆ ಕಾಲು ತೊಳೀತಾ ಇದೆ.”

ನಿಂಗಾಜಮ್ಮ ಅವಳ ತಂಗಿ. ಹೊಟ್ಟೆಯಲ್ಲಿ ಕಲ್ಲಾಗಿತ್ತು. ಆವತ್ತೇ ದಿಬ್ಬದೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಅಂತ ಕಾಗದ ಬಂದಿತ್ತು. ನಿಂಗಾಜಿ ಹುಟ್ಟಿದಾಗಿನಿಂದ ಹೆದರುಪುಕ್ಕಲಿ. ಕಾಲುವೆ ದಾಟಬೇಕಾದರೂ ಅಕ್ಕ ‘ಹೋಗೇ, ನಾನಿದ್ದೀನಿ’ ಅನ್ನಬೇಕು. ಗಂಡನ ಮನೆಯ ಹೊಸ್ತಿಲಲ್ಲಿ ಸೇರು ಒದೆಯುವುದಕ್ಕೂ ಹಿಂದಿನಿಂದ ಅಕ್ಕ ಹೇಳಬೇಕಾಯಿತು. ಈಗಲೂ ಅಷ್ಟೇ. ಅಕ್ಕನ ದನಿ ಕೇಳದೆ ಆಪರೇಷನ್ ಕೋಣೆಯೊಳಗೆ ಕಾಲಿಡುವುದಿಲ್ಲ ಅಂತ ಹಟ ಹಿಡಿದಿದ್ದಳು. ಈ ಸಲ ಬಿಟ್ಟರೆ ಮತ್ತೆ ಸರದಿ ಬರುವಷ್ಟರಲ್ಲಿ ಕಲ್ಲು ಅವಳನ್ನು ಉಳಿಸುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಬಸ್ಸಿದ್ದಿದ್ದರೆ ಚಿಕ್ಕತಾಯಿ ಹಿಂದಿನ ದಿನವೇ ಹೋಗುತ್ತಿದ್ದಳು. ಬಸ್ಸಿನಲ್ಲಿ ಕುಂಬಳಕಾಯಿ ಕೂತಿತ್ತು.

“ಈಗೆಲ್ಲಿದೆ?” ಅಂದಳು.

“ಎಲೆ ಮುಂದೆ ಕೂರಿಸಿದ್ದಾರೆ.”

“ಈಗ?”

“ಉಪ್ಪು ಬಡಿಸಿದರು.”

“ಈಗ?”

“ಅಮ್ಮಾ, ಸುಳ್ಳು ಯಾಕೆ ಹೇಳಲಿ. ಇನ್ನೂ ಕೋಸಂಬರಿ.”

ಚಿಕ್ಕತಾಯಿ ಕಡಲೆಕಾಯಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದ.

“ಎಲ್ಲಿಗಮ್ಮೋ? ಒಳಗೆ ನೆಂಟರು ಊಟ ಮಾಡ್ತಾವ್ರೆ.”

“ನನ್ನ ತಂಗಿ ಒಳಗವ್ಳೆ ಕಣಯ್ಯ.”

“ನಿನ್ನ ತಂಗಿ ಅಲ್ಲ, ತಂಗಿಯ ಕರೆ.”

“ತಂಗಿ ಬ್ಯಾರೆ, ಅವಳ ದನಿ ಬ್ಯಾರೆನಾ? ನಿನ್ನ ಹೆಂಡ್ತಿ ಕೂಗಿದ್ರೆ ನೀನು ಓಡೋದು ದನಿ ಹತ್ರಕ್ಕೋ, ಹೆಂಡ್ತಿ ಹತ್ರಕ್ಕೋ?”

ಕಾವಲುಗಾರ ಯೋಚನೆಗೆ ಬಿದ್ದ. ನಿಜ ಹೇಳಬೇಕೆಂದರೆ ಅವನು ಓಡುತ್ತಿದ್ದುದು ಬೇರೆ ದಿಕ್ಕಿಗೆ. ಅದನ್ನು ಹೇಳುವುದು ಹೇಗೆಂದು ಅವನು ತಲೆ ಕೆರೆಯುವಷ್ಟರಲ್ಲಿ ಚಿಕ್ಕತಾಯಿ ಒಳಗಿದ್ದಳು.

ಒಳಗೆ ಪಂಕ್ತಿ! ಮೊದಲ ಎಲೆ ಎಲ್ಲಿದೆಯೋ ಕಾಣದು. ಜುಬ್ಬ ಹರಿಯುವ ಹಾಗೆ ಊದಿದ ಕರೆಗಳು ಉಸ್ಸೋ ಅಂತ ಕೂತಿವೆ. ಕಟ್ಟಕಡೆಯ ಎಲೆಯ ಮುಂದೆ ಸಣಕಲಾದ ಒಂದು ಕರೆ, ಒಂದಗುಳೂ ಮುಟ್ಟದೆ, ಮರದ ಕಾಲು ಕಟಕಟ ನಡುಗಿಸುತ್ತಾ ಕೂತಿತ್ತು. ನೋಡಿದೊಡನೆ ಗುರುತು ಸಿಕ್ಕಿತು. ನಿಂಗಾಜಿಯೂ ಹಾಗೇ ನಡುಗುವವಳು.

“ಏಳೇ, ನಡಿ” ಅಂದಳು ಚಿಕ್ಕತಾಯಿ.

“ಅಕ್ಕಾ, ಪಂಕ್ತಿಯಿಂದ ಎದ್ದರೆ ಮನೆಯವರಿಗೆ ಬೇಜಾರಾಗುತ್ತೆ” ಅಂತು ಕರೆ.

ಅಷ್ಟರಲ್ಲಿ ರಾಜನೇ ತುಪ್ಪದ ಗಿಂಡಿ ಹಿಡಿದು ಬಂದ. “ಬನ್ನಿ ತಾಯಿ, ಬನ್ನಿ. ನೀವೂ ಕೂರಿ. ಮಂತ್ರಿ, ಇನ್ನೊಂದು ಎಲೆ!”

“ಎಲೆ ಬ್ಯಾಡ ಬುದ್ಧಿ. ನಮ್ಮ ಕರೆ ಬಿಟ್ಟುಕೊಡಿ. ಅಲ್ಲಿ ಡಾಕ್ಟರು ಕಾಯ್ತಾವ್ರೆ.”

“ಬಿಡುವುದಕ್ಕೆ ನಾನೇನು ಹಿಡಿದಿದ್ದೇನೆಯೇ? ಇಲ್ಲಿ ಯಾರ ಕೈಗೂ ಹಗ್ಗ ಕಟ್ಟಿಲ್ಲ. ಊಟ ಮುಗಿಸಿ ಹೋಗಲಿ.”

“ಊಟ ಯಾವಾಗ ಮುಗಿಯುತ್ತೆ?”

“ಕೊನೆಯ ನೆಂಟರು ಉಂಡ ಮೇಲೆ.”

“ಕೊನೆಯ ನೆಂಟರು ಯಾವಾಗ ಬರ್ತಾರೆ?”

“ಹಾಗೆಲ್ಲ ಕೇಳಬಾರದು ತಾಯಿ. ನೆಂಟರಿಗೆ ಕೊನೆ ಬಯಸುವುದೇ?”

ಚಿಕ್ಕತಾಯಿ ಮೂಲೆಯಲ್ಲಿದ್ದ ದೊಡ್ಡ ಪೆಟ್ಟಿಗೆಯನ್ನು ನೋಡಿದಳು. “ನೀನಾದ್ರೂ ಹೇಳಯ್ಯ!”

ಪೆಟ್ಟಿಗೆ ಹಸಿರು ದೀಪ ಮಿಟುಕಿಸಿತು. “ನಾನೇನು ಹೇಳಲಮ್ಮ. ನಾನು ಬಾಗಿಲು. ದಾಟಿಸೋದಷ್ಟೇ ನನ್ನ ಕೆಲಸ. ದಾಟೋರೇ ಇಲ್ಲ. ಮೈ ಜೋಮು ಹಿಡಿದುಹೋಗಿದೆ.”

ಆಗ ಚಿಕ್ಕತಾಯಿಗೆ ಬಂತು ನೋಡಿ ಸಿಟ್ಟು! ರಾಜ ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಹೊಡೆದಿದ್ದರೆ ಹೊಡೆಯುತ್ತಿದ್ದಳು. ಇವನು ತುಪ್ಪ ಬಡಿಸುತ್ತಿದ್ದಾನೆ! ತುಪ್ಪ ಬಡಿಸುವವನನ್ನು ಎಲ್ಲಿ ಹಿಡಿದು ಗುದ್ದುವುದು? ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ತಗ್ಗಿನಪುರದಲ್ಲಿ ಹುಟ್ಟಿದವರು ಯಾರೂ ಮಾಡದ ಕೆಲಸ ಮಾಡಿದಳು. ಉಣ್ಣುತ್ತಿದ್ದ ನೆಂಟನ ಮುಂದೆ ನಿಂತು, ಗಂಟಲು ಹರಿಯುವ ಹಾಗೆ ಕೇಳಿದಳು:

“ಯಾಕೆ ಬಂದೆ?”

ಸೌಟು ಕೆಳಗೆ ಬಿತ್ತು. ಮಂತ್ರಿ ಕಿವಿ ಮುಚ್ಚಿಕೊಂಡ. ಆ ಕರೆಯ ಬಾಯಲ್ಲಿದ್ದ ಹೋಳಿಗೆ ಬಾಯಲ್ಲೇ ಉಳಿಯಿತು.

“ನಾನಾ? ಒಲೆ ಮೇಲೆ ಹಾಲಿಟ್ಟಿದ್ದೀನಿ, ಇಳಿಸು ಅಂತ ಹೇಳೋಕೆ ಬಂದೆ.”

“ಹಾಲು?”

“ಅದಾಗಿ ಬಹಳ ದಿನ ಆಯ್ತಮ್ಮ. ಈಗ ಪಾತ್ರೆಯೂ ಇರಲಿಕ್ಕಿಲ್ಲ.”

ಮುಂದಿನ ಎಲೆ. “ನೀನ್ಯಾಕೆ ಬಂದೆ?”

“ಹುಡುಗಿ ಒಪ್ಪಿದ್ದಾಳೆ ಅಂತ ಹೇಳೋಕೆ. ಹುಡುಗನ ಫೋನಿಗೆ ಹೋಗಬೇಕಿತ್ತು. ಅವನು ಬೇಸತ್ತು ಗಡ್ಡ ಬಿಟ್ಟನಂತೆ.”

“ನೀನು?”

“ತಪ್ಪಾಯ್ತು, ಮನೆಗೆ ಬಾ ಅಂತ ಹೇಳೋಕೆ.” ಅದು ತಲೆ ತಗ್ಗಿಸಿತು. “ಹೇಳುವಷ್ಟರಲ್ಲಿ ಪಾಯಸ ಬಂತು.”

ಹೀಗೆ ಒಂದೊಂದೇ ಎಲೆ ದಾಟುತ್ತಾ ಅವಳು ಪಂಕ್ತಿಯ ತಲೆಗೆ ಬಂದಳು. ಮೊದಲ ಎಲೆಯ ಮುಂದೆ ಎಲ್ಲಕ್ಕಿಂತ ಹಳೆಯ ಕರೆ, ಹುಲ್ಲಿನ ಬಣವೆಯ ಹಾಗೆ ಹರಡಿಕೊಂಡು ಕೂತಿತ್ತು.

“ಇವರನ್ನು ಮಾತ್ರ ಏನೂ ಅನ್ನಬೇಡಿ ತಾಯಿ” ಅಂದ ರಾಜ ಗಾಬರಿಯಿಂದ. “ಇವರು ನಮ್ಮ ಮನೆಯ ಮೊಟ್ಟಮೊದಲ ನೆಂಟರು. ದಿನಾ ನನ್ನ ಕೈಯಾರೆ ಬಡಿಸುತ್ತೇನೆ.”

“ಯಾಕೆ ಬಂದೆ? ಯಾರಿಗೆ ಬಂದೆ?”

ಹಳೆಯ ಕರೆ ನಿಧಾನವಾಗಿ ಕತ್ತೆತ್ತಿ ರಾಜನನ್ನು ನೋಡಿತು. “ಇವರಿಗೇ.”

ರಾಜ ಹಿಂದೆ ಯಾರಾದರೂ ನಿಂತಿದ್ದಾರೆಯೇ ಅಂತ ತಿರುಗಿ ನೋಡಿದ.

“ನನಗೆ?” ಅಂದ ರಾಜ. “ನನಗೆ ಯಾರೂ ಫೋನ್ ಮಾಡುವುದಿಲ್ಲವಲ್ಲ!”

“ನಿಮ್ಮ ಮಗಳು ಕಳಿಸಿದರು. ‘ಅಪ್ಪಾ, ಹೆಣ್ಣು ಮಗು ಹುಟ್ಟಿದೆ. ಹೆಸರು ನೀವೇ ಇಡಬೇಕು’ ಅಂತ.”

“ಯಾವಾಗ?”

“ಆ ಮಗು ಈಗ ಶಾಲೆಗೆ ಹೋಗುತ್ತೆ ಪ್ರಭೂ. ಹೆಸರಿಲ್ಲ. ಹಾಜರಿ ಕೂಗುವಾಗ ಮೇಷ್ಟ್ರು ಅವಳ ಸರದಿಗೆ ಬಂದು ಕೆಮ್ಮುತ್ತಾರೆ. ಅವಳು ಕೈ ಎತ್ತುತ್ತಾಳೆ.”

ರಾಜನ ಕೈಯಿಂದ ಗಿಂಡಿ ಜಾರಿತು. ತುಪ್ಪ ನೆಲದ ಮೇಲೆ ಹರಿಯಿತು. “ಇಷ್ಟು ದಿನ ಎದುರಿಗೇ ಕೂತಿದ್ದೀಯಲ್ಲ, ಒಂದು ಮಾತು ಹೇಳಬಾರದಿತ್ತೇ?”

“ನೀವು ಕೇಳಲಿಲ್ಲ. ಇನ್ನೊಂದು ಹೋಳಿಗೆ ಹಾಕಲಾ ಅಂತ ಮಾತ್ರ ಕೇಳಿದಿರಿ.”

ರಾಜ ಎಲೆಯ ಮುಂದೆ ಕುಕ್ಕರಿಸಿದ. ಚಿಕ್ಕಮಕ್ಕಳ ಹಾಗೆ ಬಿಕ್ಕಿದ. ಚಿಕ್ಕತಾಯಿಗೆ ಅಯ್ಯೋ ಅನಿಸಿತು. ಅನಿಸದೆ ಇರುತ್ತದೆಯೇ? ಆದರೆ ಅಯ್ಯೋ ಅನ್ನುತ್ತಾ ಕೂರಲು ಅವಳಿಗೆ ಪುರಸೊತ್ತಿರಲಿಲ್ಲ.

“ಅಳೋದು ಆಮೇಲೆ ಅಳಪ್ಪ” ಅಂದಳು. ‘ಬುದ್ಧಿ’ ಅನ್ನುವ ಮರ್ಯಾದೆ ಎಲ್ಲೋ ಬಿದ್ದುಹೋಗಿತ್ತು. “ಮೊದ್ಲು ಏಳಿ ಅನ್ನು. ಬಡಿಸಿದವನು ಅಂದ್ರೆ ಮಾತ್ರ ಇವು ಏಳೋದು.”

“ಏಳಿ” ಅಂದ ರಾಜ. ಯಾರಿಗೂ ಕೇಳಿಸಲಿಲ್ಲ. ಕಣ್ಣೊರೆಸಿಕೊಂಡು ಕೂಗಿದ: “ಏಳಿ! ಎಲ್ಲರೂ ಏಳಿ! ನಿಮ್ಮ ನಿಮ್ಮವರ ಹತ್ತಿರ ಹೋಗಿ!”

ಪಂಕ್ತಿ ಎದ್ದಿತು. ಕರೆಗಳೆಲ್ಲ ಪೆಟ್ಟಿಗೆಯ ಕಡೆ ನುಗ್ಗಿದವು. ಮುಂದೆ ಓಡಿದ ಹಾಲಿನ ಕರೆ ಪೆಟ್ಟಿಗೆಯ ಬಾಯಿಗೆ ಹೊಟ್ಟೆ ಸಿಕ್ಕಿಸಿಕೊಂಡಿತು. ಹಿಂದಿನವು ತಳ್ಳಿದವು. ಪೆಟ್ಟಿಗೆ ಅಮ್ಮಾ ಅಂತು.

“ಹೊಟ್ಟೆಯೊಳಗೇನಿದೆಯೋ ನಿನಗೆ?” ಅಂದಳು ಚಿಕ್ಕತಾಯಿ, ಹಾಲಿನ ಕರೆಗೆ.

“ತಿಂದಿದ್ದು ಅಷ್ಟೇನಿಲ್ಲಮ್ಮ. ಚೆನ್ನಾಗಿದ್ದೀರಾ, ಮನೇಲೆಲ್ಲ ಹೇಗಿದ್ದಾರೆ, ಮಳೆ ಬಂತಾ, ತಿಂಡಿ ಏನು ಮಾಡಿದಿರಿ. ಇವೇ ತುಂಬಿವೆ. ಪಂಕ್ತಿಯಲ್ಲಿ ಅಕ್ಕಪಕ್ಕದವರ ಜೊತೆ ಆಡಿ ಆಡಿ ಊದಿಕೊಂಡವು.”

“ಅವನ್ನೆಲ್ಲ ಇಲ್ಲೇ ಇಳಿಸು. ಹೇಳಬೇಕಾದ್ದು ಮಾತ್ರ ತಗೊಂಡು ಹೋಗು. ಅದಕ್ಕೂ ಮೊದ್ಲು ದಾರಿ ಬಿಡು, ನನ್ನ ತಂಗಿಗೆ ಹೊತ್ತಾಗ್ತದೆ!”

ಕಾಲು ಹಿಡಿದು ಎಳೆದಳು. ಕಾವಲುಗಾರನೂ ಎಳೆದ. ರಾಜನೂ ಬಂದು ಕೈ ಹಾಕಿದ. ಪಟ್ಟನೆ ಹಾಲಿನ ಕರೆ ಹೊರಬಂದು ಮಂತ್ರಿಯ ಮೇಲೆ ಬಿತ್ತು. ಒಂದಗುಳೂ ಉಣ್ಣದ ನಿಂಗಾಜಿಯ ಕರೆ ಮರದ ಕಾಲು ಕಳಚಿಟ್ಟು, ಜುಬ್ಬ ಕಳಚಿಟ್ಟು, ಸುಯ್ಯೆಂದು ಪೆಟ್ಟಿಗೆ ದಾಟಿತು.

ಚಿಕ್ಕತಾಯಿಯ ಫೋನು ಹೊಡೆದುಕೊಂಡಿತು.

“ಅಕ್ಕಾ?”

“ಇದ್ದೀನಿ ಕಣೇ.”

“ಎಷ್ಟೊತ್ತಿಂದ ಕಿವಿಗೆ ಇಟ್ಕೊಂಡು ನಿಂತಿದ್ದೀನಿ! ಡಾಕ್ಟ್ರು ಕೈಗವಸು ಬಿಚ್ಚೋಕೆ ಹೊರಟ್ರು. ಅಕ್ಕಾ, ಭಯ ಆಗ್ತದೆ. ಹೊಟ್ಟೆ ಕುಯ್ತಾರಂತೆ.”

“ಕುಯ್ದೆ ಇನ್ನೇನು ಹೊಟ್ಟೆಗೆ ಮುತ್ತಿಡ್ತಾರಾ? ಒಳಗೆ ಕಲ್ಲಿಟ್ಕೊಂಡು ಯಾವ ಕೋಟೆ ಕಟ್ಟಿಸಬೇಕು ಅಂತಿದ್ದೀಯೇ ನೀನು?”

ಆ ಕಡೆ ಅಳುವಿನ ನಡುವೆ ಒಂದು ನಗು ಸಿಡಿಯಿತು. “ಇನ್ನೊಂಚೂರು ಬೈಯಿ.”

“ಬಂದು ಬೈತೀನಿ. ಬಸ್ಸಿಂದ ಕುಂಬಳಕಾಯಿ ಇಳಿಸಿ ಹತ್ಕೊಂಡು ಬರ್ತೀನಿ. ಕಣ್ಣು ಬಿಟ್ಟಾಗ ಮಂಚದ ಪಕ್ಕದಲ್ಲೇ ಕೂತಿರ್ತೀನಿ. ಈಗ ಹೋಗೇ ನಿಂಗಿ. ನಾನಿದ್ದೀನಿ.”

“ಹೋಗ್ಲಾ?”

“ಹೋಗು.”

ಬಾಗಿಲು ತೆರೆದ ಸದ್ದು ಕೇಳಿಸಿತು. ಮುಚ್ಚಿದ ಸದ್ದೂ ಕೇಳಿಸಿತು. ಚಿಕ್ಕತಾಯಿ ಫೋನನ್ನು ಕಣ್ಣಿಗೊತ್ತಿಕೊಂಡು ಬಸ್ಸಿನ ಕಡೆ ಓಡಿದಳು. ಅವಳು ದಿಬ್ಬದೂರು ಮುಟ್ಟಿದಾಗ ತಂಗಿಗಿನ್ನೂ ಮಂಪರು ಬಿಟ್ಟಿರಲಿಲ್ಲ. ಮಂಚದ ಪಕ್ಕದಲ್ಲಿ ಕೂತಳು. ನಿಂಗಾಜಿ ಕಣ್ಣು ಬಿಟ್ಟಳು. ಅಕ್ಕನನ್ನು ನೋಡಿದಳು. “ಬೈಯಿ” ಅಂದಳು. ಚಿಕ್ಕತಾಯಿ ಬೈಯಲಿಲ್ಲ. ತಂಗಿಯ ಅಂಗೈ ಹಿಡಿದುಕೊಂಡಳು.

ಇತ್ತ ತಗ್ಗಿನಪುರದವರು ಅರಮನೆಗೆ ಬಂದು, ಎಮ್ಮೆ ಗಾತ್ರದ ಪೆಟ್ಟಿಗೆಯನ್ನು ಬಿಡಿಸಿ, ತಮ್ಮ ತಮ್ಮ ಪೆಟ್ಟಿಗೆ ತಮ್ಮ ತಮ್ಮ ಮನೆಗೆ ಒಯ್ದರು. ಯಾರೂ ಅಪ್ಪಣೆ ಕೇಳಲಿಲ್ಲ. ಯಾರಪ್ಪನದು ಅಂತ ಕೇಳಬೇಕು? ಮನೆಯಿಲ್ಲದವರಿಗಿರಲಿ ಅಂತ ಗೋಡೆಯ ಹೊರಗೆ ಒಂದನ್ನು ನೇತುಹಾಕಿದರು. ಅದಕ್ಕೆ ಬೋರ್ಡು ಬರೆಯಲಿಲ್ಲ. ರಾಜನಿಗೂ ಒಂದು ಸಣ್ಣದನ್ನು ಬಿಟ್ಟರು. ಅವನು ಅದರ ಮುಂದೆ ಕೂತು ಮೊಮ್ಮಗಳಿಗೆ ಹೆಸರು ಹುಡುಕತೊಡಗಿದ. ದಿನಕ್ಕೊಂದು ಹೇಳುವನು, ಆ ಮಗು ದಿನಕ್ಕೊಂದು ಬೇಡ ಅನ್ನುವುದು. ಅದಕ್ಕೂ ತಾತನ ಫೋನು ನಿಲ್ಲಬಾರದು ಅಂತ ಆಸೆ.

ಕತೆಗೊಂದು ನೀತಿ ಬೇಕು ಅನ್ನುವವರು ಕೇಳಿಸಿಕೊಳ್ಳಿ. ನಿಮ್ಮದನ್ನೇ ನಿಮಗೆ ಪುಕ್ಕಟೆ ಕೊಟ್ಟು, ಕೂರಿಸಿ, ಕಾಲು ತೊಳೆದು ತುಪ್ಪ ಬಡಿಸುತ್ತಾರೆ. ಯಾಕೆ ಬಂದೆ ಅಂತ ಮಾತ್ರ ಕೇಳುವುದಿಲ್ಲ. ಅಂಥವರ ಪಂಕ್ತಿಯಲ್ಲಿ ಕೂತಿದ್ದರೆ ಎಲೆ ಮಡಚಬೇಡಿ, ಕೈ ತೊಳೆಯಬೇಡಿ, ಸುಮ್ಮನೆ ಎದ್ದುಬಿಡಿ. ಬೇಜಾರಾಗುತ್ತೆ. ಆಗಲಿ.

ಕತೆ ಗುಂಡಿ ಹತ್ತಿ ಮೇಲೆ ಬಂತು. ಇನ್ನು ನೀವು ಮೇಲೇಳಿ.