ಕೊಳವೆ ಕಟ್ಟದ ಗೀಜಗ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಕೆರೆಯಿತ್ತು. ಅದರ ದಡದಲ್ಲಿ ನೀರಿನ ಮೇಲೆ ಬಾಗಿ ನಿಂತ ಒಂದು ಈಚಲ ಮರ. ಮಳೆಗಾಲ ಬಂತೆಂದರೆ ಗೀಜಗ ಹಕ್ಕಿಗಳು ಅದರ ಗರಿಗಳಿಗೆ ಗೂಡು ನೇಯುತ್ತಿದ್ದವು. ಅವುಗಳಲ್ಲೆಲ್ಲ ಹೊಂದಲೆ ಎಂಬ ಗೀಜಗನದೇ ಚೆಂದದ ಕೆಲಸ. ಅವನು ಹುಲ್ಲಿನ ಎಳೆ ಸೀಳಿ ಹಾಕಿದ ಗಂಟು ಎಂಥ ಗಾಳಿಗೂ ಸಡಿಲುತ್ತಿರಲಿಲ್ಲ.

ಪಕ್ಕದ ಬಿದಿರುಮೆಳೆಯಲ್ಲಿ ಗೊರವಂಕ ಹಕ್ಕಿಗಳ ಗುಂಪು ವಾಸವಾಗಿತ್ತು. ಹೊಂದಲೆ ಒಂದು ಎಳೆ ಎಳೆದರೂ ಅವು ಹೊಗಳುತ್ತಿದ್ದವು. ಹೊಗಳಿಕೆ ಕೇಳಿದರೆ ಅವನ ಕೊಕ್ಕು ಇನ್ನಷ್ಟು ಚುರುಕಾಗುತ್ತಿತ್ತು. ಅವು ಮೇಯಲು ದೂರ ಹೋದ ದಿನ ಮಾತ್ರ ಮೈಯಲ್ಲಿ ಬಲವಿಲ್ಲದವನಂತೆ ಕೂತುಬಿಡುತ್ತಿದ್ದ.

ಗೂಡು ಅರ್ಧವಾದಾಗ ನವಣೆ ಎಂಬ ಹೆಣ್ಣು ಗೀಜಗ ಬಂದಳು. ಗೂಡನ್ನು ಜಗ್ಗಿ ನೋಡಿ ಮೆಚ್ಚಿದಳು. ಇಬ್ಬರೂ ಜೊತೆಯಾದರು. ಹೊಂದಲೆ ಗೂಡಿನ ಒಳಕೋಣೆ ಮುಗಿಸುತ್ತಲೇ ನವಣೆ ಮೊಟ್ಟೆಯಿಟ್ಟು ಕಾವಿಗೆ ಕೂತಳು. ಇನ್ನು ಉಳಿದದ್ದು ಗೂಡಿನ ಬಾಯಿಗೆ ಕೆಳಮುಖವಾದ ಒಂದು ಉದ್ದನೆಯ ಕೊಳವೆ. ಅದೊಂದಿದ್ದರೆ ಕಾಗೆಯ ಕೊಕ್ಕು ಮರಿಗಳವರೆಗೆ ಮುಟ್ಟಲಾರದು. ಇದು ಹೊಂದಲೆಗೂ ಗೊತ್ತಿತ್ತು.

ಅಷ್ಟರಲ್ಲಿ ಆಚೆ ದಡದ ಅತ್ತಿಮರದಲ್ಲಿ ಹಣ್ಣಾಯಿತು. ಗೊರವಂಕಗಳೆಲ್ಲ ಅಲ್ಲಿಗೆ ಹೊರಟುಹೋದವು. ನೋಡುವವರಿಲ್ಲದೆ ಹೊಂದಲೆಗೆ ಕೆಲಸ ಬೇಸರವಾಯಿತು. ಕೊಳವೆ ಯಾವಾಗ ಕಟ್ಟುತ್ತೀ ಎಂದು ನವಣೆ ಕೇಳಿದಾಗ ಹುಲ್ಲು ಒಣಗಿದೆ ಎಂದ. ಮರುದಿನ ಗಾಳಿ ಜೋರಾಗಿದೆ ಎಂದ. ಕೊನೆಗೆ ತಾನೂ ಆಚೆ ದಡಕ್ಕೆ ಹಾರಿ, ಅತ್ತಿಮರದ ಪಕ್ಕದ ಜಾಲಿಯಲ್ಲಿ ಹೊಸ ಗೂಡೊಂದನ್ನು ಶುರುಮಾಡಿದ. ಗೊರವಂಕಗಳು ಹೊಗಳಿದವು. ಅವನಿಗೆ ಮತ್ತೆ ಹುರುಪು ಬಂತು.

ಇತ್ತ ಮೊಟ್ಟೆಯೊಡೆದು ಮೂರು ಮರಿಗಳಾದವು. ಒಂದು ಬೆಳಿಗ್ಗೆ, ಕೆರೆಯಲ್ಲೇ ವಾಸವಿದ್ದ ಮುದಿ ಮಿಂಚುಳ್ಳಿ ಹೊಂದಲೆಯನ್ನು ಹುಡುಕಿಕೊಂಡು ಬಂದ.

"ನಿನ್ನ ಗೂಡಿನ ಸುತ್ತ ಕಾಗೆ ಸುಳಿಯುತ್ತಿದೆ. ಮೊದಲು ಹೋಗಿ ಕೊಳವೆ ಕಟ್ಟಪ್ಪಾ" ಎಂದ.

ಹೊಂದಲೆ ಓರೆಗಣ್ಣಿನಲ್ಲಿ ಗೊರವಂಕಗಳನ್ನು ನೋಡಿದ. ಅವು ಇವನ ಕೊಕ್ಕನ್ನೇ ನೋಡುತ್ತಿದ್ದವು.

"ಇದೊಂದು ಸುತ್ತು ಮುಗಿಸಿ ಬರುತ್ತೇನೆ, ಅಜ್ಜಾ" ಎಂದ.

ಆ ಸುತ್ತು ಮುಗಿಯಿತು, ಇನ್ನೊಂದು ಶುರುವಾಯಿತು. ಹೊಗಳಿಕೆಯ ನಡುವೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮಧ್ಯಾಹ್ನ ನವಣೆ ಹುಳ ತರಲು ಹೋಗಿದ್ದಾಗ ಕಾಗೆ ಬಂದು ಗೂಡಿಗೆ ಜೋತುಬಿತ್ತು. ಕೊಳವೆಯಿಲ್ಲದ ಗೂಡಿನ ಬಾಯಿ ತೆರೆದೇ ಇತ್ತು. ಎರಡು ಮರಿಗಳನ್ನು ಅದು ಅಲ್ಲೇ ನುಂಗಿತು. ಮೂರನೆಯದು ಕೊಕ್ಕಿನಿಂದ ಜಾರಿ ನೀರಿಗೆ ಬಿದ್ದು ಮುಳುಗಿತು. ಮರಳಿ ಬಂದ ನವಣೆ ಚೀರುತ್ತಾ ಕಾಗೆಯ ಮೇಲೆರಗಿದಳು. ಕಾಗೆ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾರಿಹೋಯಿತು.

ಸಂಜೆ ಹೊಂದಲೆ ಬಂದಾಗ ಗೂಡಿನೊಳಗೆ ಸದ್ದಿರಲಿಲ್ಲ. ಒಳಗೆ ಇಣುಕಿದವನಿಗೆ ಒಂದು ಮರಿಯೂ ಕಾಣಲಿಲ್ಲ. ಪಕ್ಕದ ಗರಿಯ ಮೇಲೆ ಕೂತಿದ್ದ ನವಣೆಯ ಬಳಿ ಹೋಗಿ, ಈಗಲೇ ಕೊಳವೆ ಕಟ್ಟುತ್ತೇನೆ, ಇನ್ನೊಮ್ಮೆ ಮೊಟ್ಟೆಯಿಡು ಎಂದು ಬೇಡಿಕೊಂಡ.

"ನಿನಗೆ ಕಟ್ಟಲು ಬಾರದೇ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ" ಎಂದಳು ನವಣೆ. "ಬರುತ್ತಿತ್ತು. ಯಾರಿಗಾಗಿ ಕಟ್ಟುತ್ತಿದ್ದೀಯ ಅನ್ನುವುದನ್ನೇ ನೀನು ಮರೆತುಬಿಟ್ಟೆ."

ಅವಳು ಕಾಡಿನತ್ತ ಹಾರಿದಳು. ಮತ್ತೆ ಬರಲಿಲ್ಲ.

ಮಳೆಗಾಲ ಕಳೆಯಿತು. ಹೊಂದಲೆಯ ತಲೆಯ ಹಳದಿ ಬಣ್ಣವೂ ಮಾಸಿತು. ಉಳಿದ ಗೀಜಗಗಳು ರೆಕ್ಕೆ ಬಲಿತ ಮರಿಗಳನ್ನು ಕರೆದುಕೊಂಡು ಗದ್ದೆಗೆ ಹೋದವು. ಭತ್ತದ ಕಾಳನ್ನು ಸುಲಿಯುವುದು ಹೇಗೆಂದು ಅವುಗಳಿಗೆ ಕಲಿಸತೊಡಗಿದವು. ಹೊಂದಲೆ ಬದುವಿನ ಮೇಲೆ ಕೂತು ನೋಡುತ್ತಿದ್ದ. ಕಲಿಸಲು ಅವನಿಗೆ ಯಾರೂ ಇರಲಿಲ್ಲ.

ನೀತಿ: ಯಾರಿಗಾಗಿ, ಏತಕ್ಕಾಗಿ ಎಂಬುದು ಮನಸ್ಸಿನಲ್ಲಿದ್ದರೆ ಮಾತ್ರ ಕೆಲಸ ಕೊನೆ ಮುಟ್ಟುತ್ತದೆ, ಹೊಗಳಿಕೆಯಿಂದ ಬಂದ ಹುರುಪು ಹೊಗಳುವವರ ಜೊತೆಗೇ ಹೊರಟುಹೋಗುತ್ತದೆ.