ಆಷಾಢದಲ್ಲಿ ಮದುವೆ ಸಕ್ಕರೆ ಕೇಳಿದ ಚೌಡಯ್ಯ

ಹತ್ತಿರ ಬನ್ನಿ, ಮಕ್ಕಳೇ. ಬಲು ಹಿಂದಿನ ಮಾತು ಇದು. ಕಾಡಂಚಿನ ಒಂದೂರಲ್ಲಿ ಮರಿಚೌಡಯ್ಯ ಅಂತ ಒಬ್ಬ ಇದ್ದನಂತೆ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಹಿತ್ತಲ ತುಂಬ ಜೇನುಪೆಟ್ಟಿಗೆ ಇಟ್ಟಿದ್ದನಂತೆ. ಮೈತುಂಬ ಜೇನು ಕೂತರೆ ಅಂಗಿ ತೊಟ್ಟ ಹಾಗೆ ಕಾಣುತ್ತಿತ್ತಂತೆ, ಒಂದೂ ಕಚ್ಚುತ್ತಿರಲಿಲ್ಲವಂತೆ. ನಾನು ನೋಡಿಲ್ಲ, ನಮ್ಮಜ್ಜಿ ಹೇಳಿದ್ದು. ಸ್ವಲ್ಪ ಉಪ್ಪು ಖಾರ ಹಚ್ಚಿರಬಹುದು, ಹಚ್ಚಲಿ ಬಿಡಿ.

ಆಷಾಢ ಬಂತು ಅಂದರೆ ಆ ಊರಲ್ಲಿ ಜಡಿಮಳೆ. ಹೂವಿಲ್ಲ, ಜೇನು ಹೊರಗೆ ಹಾರುವ ಹಾಗೂ ಇಲ್ಲ. ಆಗ ಚೌಡಯ್ಯ ಸಕ್ಕರೆ ಪಾಕ ಮಾಡಿ ಪೆಟ್ಟಿಗೆಯೊಳಗೆ ಇಡುತ್ತಿದ್ದನಂತೆ. ಇಟ್ಟು, ಮುಚ್ಚಳಕ್ಕೆ ಬಾಯಿ ತಂದು ಕೇಳುತ್ತಿದ್ದನಂತೆ, "ಉಂಡ್ಯೇನವ್ವಾ?" ಅಂತ.

ಒಂದು ವರ್ಷ ಸಕ್ಕರೆಗೆ ಬರ ಬಂತಂತೆ. ಕಾರ್ಡಿಗೆ ಇಷ್ಟೇ ಅಂತ ಅಳೆದು ಕೊಡುವ ಕಾಲ. ಆ ಕಾರ್ಡಿನ ಸಕ್ಕರೆ ಒಂದು ಪೆಟ್ಟಿಗೆಗೂ ಸಾಲದು. ಕದ್ದು ಮಾರುವವರು ಹೇಳಿದ ಬೆಲೆಗೆ ಚೌಡಯ್ಯ ತನ್ನ ಮನೆ ಮಾರಬೇಕಿತ್ತು. ಅವನು ಏನು ಮಾಡಿದ? ಅಗ್ಗವಾಗಿ ಸಿಕ್ಕಿತು ಅಂತ ಬೆಲ್ಲ ತಂದು ಕರಗಿಸಿ ಇಟ್ಟ. ಬೆಲ್ಲ ಜೇನಿನ ಹೊಟ್ಟೆಗೆ ಆಗುವುದಿಲ್ಲ, ಮಕ್ಕಳೇ. ಭೇದಿಯಾಗಿ ಅರ್ಧಕ್ಕರ್ಧ ಪೆಟ್ಟಿಗೆ ಖಾಲಿಯಾದವಂತೆ. ಸತ್ತ ಜೇನನ್ನೆಲ್ಲ ಪಂಚೆಯಲ್ಲಿ ಗುಡ್ಡೆ ಹಾಕಿಕೊಂಡು, ಅಗ್ಗ ನೋಡಿದೆ, ಇವುಗಳ ಹೊಟ್ಟೆ ನೋಡಲಿಲ್ಲ ಅಂತ ಅತ್ತನಂತೆ.

ಆಗ ಯಾರೋ ಹೇಳಿದರು, ಮದುವೆ ಮನೆಯವರಿಗೆ ತಾಲ್ಲೂಕು ಕಚೇರಿಯಲ್ಲಿ ಸರ್ಕಾರದ ಬೆಲೆಗೇ ಮೂಟೆ ಸಕ್ಕರೆ ಕೊಡುತ್ತಾರೆ ಅಂತ. ಚೌಡಯ್ಯ ಒಗೆದ ಪಂಚೆ ಉಟ್ಟು, ನೆನೆಯುತ್ತಾ ನಡೆದು ಹೋದನಂತೆ. ಹೋಗಿ, ಮನೆಯಲ್ಲಿ ಮಗಳ ಮದುವೆ, ನಾಡಿದ್ದೇ ಧಾರೆ ಅಂದನಂತೆ. ದಾರಿಯುದ್ದಕ್ಕೂ ಗಂಡಿನ ಹೆಸರು, ಗಂಡಿನ ಊರು, ಎಲ್ಲ ಬಾಯಿಪಾಠ ಮಾಡಿದ್ದ ಪುಣ್ಯಾತ್ಮ. ಅಮಲ್ದಾರರು ಅದೊಂದನ್ನೂ ಕೇಳಲಿಲ್ಲ.

"ಆಷಾಢದಲ್ಲಿ ಯಾರಯ್ಯಾ ಮದುವೆ ಮಾಡ್ತಾರೆ?" ಅಂದರಂತೆ.

ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಚೌಡಯ್ಯ ತಲೆ ತಗ್ಗಿಸಿ ನಿಜ ಹೇಳಿದನಂತೆ. ಮಗಳಲ್ಲ, ಜೇನು. ಬೇಸಿಗೆಯಲ್ಲಿ ಅವುಗಳ ತುಪ್ಪ ತೆಗೆದವನು ನಾನೇ, ಈಗ ಹಸಿದಿವೆ, ಶ್ರಾವಣದವರೆಗೆ ಕಾದರೆ ಉಣ್ಣಿಸೋಕೆ ಯಾರೂ ಉಳಿಯುವುದಿಲ್ಲ ಅಂದನಂತೆ. ಅಮಲ್ದಾರರು ಕಣ್ಣೀರಿಟ್ಟು ಮೂಟೆ ಕೊಟ್ಟರು ಅಂತ ಕೆಲವರು ಹೇಳುತ್ತಾರೆ. ನಮ್ಮಜ್ಜಿ ಒಪ್ಪುತ್ತಿರಲಿಲ್ಲ. ಬರಿಗೈಲಿ ಬಂದ ಅನ್ನುತ್ತಿದ್ದಳು. ನಾನೂ ಅದನ್ನೇ ನಂಬುತ್ತೇನೆ.

ಅವನು ಊರು ಸೇರುವ ಮೊದಲೇ ಸುದ್ದಿ ಸೇರಿತ್ತಂತೆ. "ಮದ್ವೆ ಊಟಕ್ಕೆ ಯಾವಾಗ ಬರಾನ, ಚೌಡಯ್ಯಾ?" ಅಂತ ಜಗಲಿ ಜಗಲಿಯಲ್ಲೂ ಕೇಳಿದರಂತೆ. ಅವನು ನೆಟ್ಟಗೆ ಹಿತ್ತಲಿಗೆ ಹೋಗಿ ಪೆಟ್ಟಿಗೆಗಳ ಹತ್ತಿರ ಕೂತ. ಆವತ್ತು ಉಂಡಿರಾ ಅಂತ ಕೇಳಲು ಅವನಿಗೆ ಬಾಯಿ ಬರಲಿಲ್ಲವಂತೆ.

ಆ ಬೇಸಿಗೆಯಲ್ಲಿ ಮದುವೆಯಾಗಿದ್ದ ಜವರಮ್ಮ ಅನ್ನುವ ಹುಡುಗಿ, ಹೊಸ ಮದುವಣಗಿತ್ತಿಯರೆಲ್ಲ ಬರುವ ಹಾಗೆ, ಆಷಾಢಕ್ಕೆ ತವರಿಗೆ ಬಂದಿದ್ದಳು. ಮದುವೆಯಲ್ಲಿ ಮಿಕ್ಕ ಸಕ್ಕರೆಯನ್ನು ಅವಳ ಅವ್ವ ಗೌರಿಹಬ್ಬಕ್ಕೆ ಅಂತ ಗಡಿಗೆಯಲ್ಲಿ ಇಟ್ಟಿದ್ದಳಂತೆ. ಜವರಮ್ಮ ಆ ಗಡಿಗೆಯನ್ನೇ ಸೊಂಟಕ್ಕೇರಿಸಿ, ಸೆರಗು ಮುಚ್ಚಿ, ಮಳೆಯಲ್ಲಿ ಚೌಡಯ್ಯನ ಹಿತ್ತಲಿಗೆ ನಡೆದಳು.

"ಹಬ್ಬದ ಸಕ್ರೆ ಕಣವ್ವ, ನಿಮ್ಮವ್ವ ಬೈತಾಳೆ" ಅಂದನಂತೆ ಅವನು.

"ನಾ ಆಸಾಡಕ್ಕೆ ತವರಿಗೆ ಬಂದಿವ್ನಿ, ನಮ್ಮವ್ವ ಉಣ್ಣಾಕಿಕ್ತಾವ್ಳೆ. ಇವುಕ್ಕೆ ನೀನು ಬಿಟ್ರೆ ಇನ್ಯಾವ ತವರೈತೆ, ತಾತಾ?" ಅಂದಳಂತೆ ಅವಳು.

ಚೌಡಯ್ಯ ಪಾಕ ಕಾಯಿಸಿದ. ಆರಿಸಿ ತೆಂಗಿನ ಚಿಪ್ಪಿಗೆ ಹೊಯ್ದು, ಜೇನು ಮುಳುಗದ ಹಾಗೆ ಮೇಲೆ ಹುಲ್ಲುಕಡ್ಡಿ ತೇಲಿಬಿಟ್ಟ. ಬೈಯಲು ಓಡಿಬಂದ ಜವರಮ್ಮನ ಅವ್ವ, ಜೇನು ಕಡ್ಡಿ ಮೇಲೆ ಸಾಲಾಗಿ ಕೂತು ಕುಡಿಯುವುದನ್ನು ನೋಡುತ್ತಾ ನಿಂತುಬಿಟ್ಟಳಂತೆ. ಮಾರನೇ ದಿನ ಊರಿಗೆ ಬಂದಿದ್ದ ಮಿಕ್ಕ ಮದುವಣಗಿತ್ತಿಯರೂ ಬಂದರು. ಒಬ್ಬಳು ಸೇರು, ಒಬ್ಬಳು ಬರಿ ಹಿಡಿ. ಉಳಿದಿದ್ದ ಪೆಟ್ಟಿಗೆಗಳು ಮಳೆಗಾಲ ದಾಟಿದವಂತೆ. ಈಗ ಆ ಊರ ಹಿತ್ತಲು ಹಿತ್ತಲಲ್ಲೂ ಇರುವ ಜೇನೆಲ್ಲ ಅವುಗಳ ಸಂತಾನವೇ ಅಂತಾರೆ.

ಈಗ ಸಕ್ಕರೆ ಬೇಕಾದಷ್ಟು ಸಿಗುತ್ತದೆ. ಆದರೂ ಆ ಊರ ಮದುವೆ ಮನೆಯಲ್ಲಿ ಲಾಡು ಕಟ್ಟುವ ಮೊದಲು ಒಂದು ಸೇರು ಸಕ್ಕರೆ ತೆಗೆದಿಡುತ್ತಾರೆ. ಆಷಾಢಕ್ಕೆ ಬಂದ ಹುಡುಗಿ ಕಾಲಿನ ಕೆಸರೂ ತೊಳೆಯದೆ ಆ ಸಕ್ಕರೆಯ ಪಾಕವನ್ನು ಜೇನಿಗೆ ಇಡುತ್ತಾಳೆ, ಮುಚ್ಚಳಕ್ಕೆ ಬಗ್ಗಿ "ಉಂಡ್ಯೇನವ್ವಾ?" ಅಂತ ಕೇಳುತ್ತಾಳೆ. ಅವಳ ಅವ್ವ ಅದನ್ನೇ ಅವಳನ್ನು ಕೇಳಲು ಹಿತ್ತಲ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಾಳೆ.