ಹಲಗೆ ಹತ್ತದ ಕುದುರೆ

"ಗುರುಗಳೇ, ಆ ಹೊಸಬನನ್ನು ಊರಿಗೆ ಕಳಿಸಿಬಿಡಲೇ?" ಎಂದು ಹಿರಿಯ ಶಿಷ್ಯನೊಬ್ಬ ಕೇಳಿದ. "ಪಾಠ ಒಪ್ಪಿಸು ಎಂದರೆ ಬಾಯಿ ಬಿಡುವುದಿಲ್ಲ. ಬೈದರೆ ತುಟಿ ಇನ್ನಷ್ಟು ಬಿಗಿಯುತ್ತಾನೆ. ಆರು ತಿಂಗಳಿಂದ ಬೈದು ಬೈದು ನನ್ನ ಗಂಟಲು ಹೋಯಿತು. ಹೇಳಿದ ಮಾತು ಕೇಳದವನು ಮಠದಲ್ಲಿದ್ದು ಏನು ಪ್ರಯೋಜನ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಜಟಕಾ ಓಡಿಸುತ್ತಿದ್ದಳು. ಊರಿಗೆ ಆಟೋಗಳು ಬಂದ ಮೇಲೆ ಜಟಕಾ ಹತ್ತುವವರು ಇಲ್ಲವಾದರು. ಅವಳು ಮರಿಯಿಂದ ಸಾಕಿ ತಿದ್ದಿದ ಕುದುರೆಯನ್ನು ಒಬ್ಬ ವ್ಯಾಪಾರಿ ಮದುವೆ ಮೆರವಣಿಗೆಗೆಂದು ಕೊಂಡ. ಸಾಗಿಸಲು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಸಿಕೊಂಡು, ನಾಲ್ಕು ಆಳುಗಳ ಜೊತೆ ಬಂದ. ದಾರಿಯಲ್ಲಿ ಕುದುರೆಗೆ ಇರಲೆಂದು ಹೆಂಗಸು ಹುರುಳಿ ಬೇಯಿಸಲು ಒಳಗೆ ಹೋದಳು.

ಆಳುಗಳು ಟ್ರೇಲರಿಗೆ ಹಲಗೆ ಒರಗಿಸಿ ಕುದುರೆಯನ್ನು ಅದರ ಬುಡಕ್ಕೆ ತಂದರು. ಕುದುರೆ ಒಂದು ಕಾಲಿಟ್ಟಿತು. ಹಲಗೆ ಟೊಳ್ಳು ಸದ್ದು ಮಾಡಿತು. ಕುದುರೆ ಅನುಮಾನಿಸಿತು. ಒಬ್ಬ ಆಳು "ಹೋಗು" ಎಂದ. ಕುದುರೆ ಅಲ್ಲಿಯೇ ನಿಂತಿತು. ನಾಲ್ವರೂ ಸೇರಿ "ಹೋಗು, ಹೋಗು" ಎಂದು ಕೂಗಿದರು. ಕುದುರೆ ಕಲ್ಲಾಯಿತು. ಕೋಲಿನಿಂದ ಹೊಡೆದರು. ಮೈ ನಡುಗಿತೇ ಹೊರತು ಕಾಲು ಕದಲಲಿಲ್ಲ.

ಗಲಾಟೆ ಕೇಳಿ ಹೆಂಗಸು ಹೊರಗೆ ಬಂದಾಗ ವ್ಯಾಪಾರಿ, "ಕಾಲು ಕಟ್ಟಿ ಎಳೆದು ಹಾಕಿ" ಎನ್ನುತ್ತಿದ್ದ. ಹಾಗೆ ಎಳೆದರೆ ಕಾಲು ಮುರಿಯುತ್ತದೆ. ಕಾಲು ಮುರಿದ ಕುದುರೆ ಬದುಕುವುದಿಲ್ಲ. ಅವಳಿಗೆ ಅದು ಗೊತ್ತಿತ್ತು. ಓಡಿ ಬಂದು ಹಗ್ಗ ಕಿತ್ತುಕೊಂಡಳು.

"ಏನಮ್ಮಾ, ಹೀಗೇನಾ ಕುದುರೆ ಸಾಕೋದು?" ಎಂದ ವ್ಯಾಪಾರಿ. "ಮಾತು ಕೇಳೋದನ್ನ ಕಲಿಸಬಾರದಿತ್ತಾ?"

"ಕಲಿಸಿದ್ದಕ್ಕೇ ಸಾಹುಕಾರ್ರೇ, ಅದು ಏಟು ತಿಂತಿರೋದು," ಎಂದಳು ಹೆಂಗಸು. "ನಮ್ಮ ಜಟಕಾದವರಲ್ಲಿ 'ಹೋ' ಅಂದರೆ ನಿಲ್ಲು ಅಂತ. ನಿಮ್ಮ ಜನ ಆಗಿನಿಂದ ಹೋಗು ಹೋಗು ಅಂತ ಬಾಯಿ ಬಡ್ಕೋತಿದಾರೆ. ಮೊದಲ ಅಕ್ಷರ ಕಿವಿಗೆ ಬಿದ್ದರೆ ಅದಕ್ಕೆ ಸಾಕು, ಉಳಿದದ್ದಕ್ಕೆ ಕಾಯೋಲ್ಲ. ನಿಲ್ಲು ಅಂದ್ರಿ, ನಿಂತಿದೆ. ಚರ್ಮ ಸುಲಿದರೂ ನಿಂತಿರುತ್ತೆ. ಇಷ್ಟು ಮಾತು ಕೇಳೋ ಒಬ್ಬನನ್ನ ನಿಮ್ಮ ಈ ನಾಲ್ವರಲ್ಲಿ ತೋರಿಸಿ ನೋಡೋಣ."

ಆಳುಗಳು ಕೋಲು ಕೆಳಗಿಟ್ಟು ಹಿಂದೆ ಸರಿದರು.

ಅವಳು ಹಲಗೆಯ ಮೇಲೆ ಗೋಣಿಚೀಲ ಹಾಸಿದಳು. ಹಗ್ಗ ಸಡಿಲ ಬಿಟ್ಟು ತಾನೇ ಮೊದಲು ಹತ್ತಿದಳು. ನಾಲಿಗೆಯಿಂದ ಟಕ್ ಟಕ್ ಎನಿಸಿದಳು. ಕುದುರೆ ಎರಡು ಹೆಜ್ಜೆ ಹತ್ತಿ ಹಿಂದೆ ಸರಿಯಿತು. ಅವಳು ಎಳೆಯಲಿಲ್ಲ. ಅದರ ಜೊತೆಯಲ್ಲೇ ಕೆಳಗಿಳಿದಳು, ಕುತ್ತಿಗೆ ನೇವರಿಸಿದಳು, ಮತ್ತೆ ಹತ್ತಿದಳು. ಈ ಸಲ ಅರ್ಧ ಹಲಗೆಯವರೆಗೆ ಬಂದು ಇಳಿಯಿತು. ವ್ಯಾಪಾರಿ ಗಡಿಯಾರ ನೋಡಿಕೊಂಡ. ಅವಳು ಅವನನ್ನು ನೋಡಲಿಲ್ಲ. ಮೂರನೆಯ ಸಲ ಕುದುರೆ ಪೂರ್ತಿ ಒಳಗೆ ಬಂದು ಅವಳ ಭುಜಕ್ಕೆ ಮೂಗು ಒತ್ತಿತು. ಅವಳು ಮೆಲ್ಲಗೆ "ಹೋ" ಎಂದಳು. ಕುದುರೆ ನಿಂತಿತು.

"ದಾರಿಯಲ್ಲಿ ಯಾರೂ ಬಾಯಿ ಹಾಕಬೇಡಿ. ಅದಕ್ಕೆ ಎಲ್ಲಾ ಬರುತ್ತೆ. ನಿಮಗೇ ಬರಲ್ಲ," ಎಂದು ಹೇಳಿ, ತಲೆಯೆತ್ತಿಕೊಂಡು ಕೆಳಗಿಳಿದಳು.

ಕತೆ ಕೇಳಿ ಶಿಷ್ಯ ನಕ್ಕ. "ಆ ಆಳುಗಳು ಶುದ್ಧ ದಡ್ಡರು, ಗುರುಗಳೇ. ಕುದುರೆ ಮಾತು ಕೇಳುತ್ತಲೇ ಇತ್ತು. ಹೊಡೆಯುವವರಿಗೇ ಅದು ತಿಳಿಯಲಿಲ್ಲ."

ಗುರುಗಳು ಕೇಳಿದರು: "ಆರು ತಿಂಗಳು ಬೈಸಿಕೊಂಡೂ ಆ ಹೊಸಬ ಮಠ ಬಿಟ್ಟು ಓಡಿಹೋಗಿಲ್ಲವಲ್ಲ, ಅವನು ಮಾತು ಕೇಳದವನಾದರೆ ಯಾರ ಮಾತು ಕೇಳಿ ನಿಂತಿದ್ದಾನೆ?"